ವಿದೇಶದ ರೇಡಿಯೋ ಪರವಾನಗಿ, ಸ್ವದೇಶದ ಪರೀಕ್ಷೆ

ನಮ್ಮ ಕರಾವಳಿಯ ಮನೆಗಳಿಗೆ ವಿಮಾನವೆಂದರೆ ಒಂದು ಕಾಲದಲ್ಲಿ ಗಲ್ಫ್ ಉದ್ಯೋಗದ ದಾರಿ ಮಾತ್ರವಾಗಿತ್ತು. ಇಂದು ವಿಮಾನ ಹಾರಿಸುವ ಕನಸು ಕಾಣುವ ಯುವಜನರೂ ನಮ್ಮ ನಡುವೆ ಇದ್ದಾರೆ. ತರಬೇತಿಗಾಗಿ ಅಮೆರಿಕ, ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್‌ಗಳಿಗೆ ಹೋಗುವವರ ಬೆನ್ನ ಹಿಂದೆ ಹೆತ್ತವರ ಉಳಿತಾಯವೂ ಬ್ಯಾಂಕಿನ ಸಾಲವೂ ಇರುತ್ತದೆ.

ಆದರೆ ಅಲ್ಲಿನ ಪರವಾನಗಿ ಹಿಡಿದು ಬಂದ ಮಾತ್ರಕ್ಕೆ ಇಲ್ಲಿ ನೌಕರಿ ಸಿಗುವುದಿಲ್ಲ. ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ಭಾರತದ ಪರವಾನಗಿಯಾಗಿ ಪರಿವರ್ತಿಸಬೇಕು. ವೈದ್ಯಕೀಯ ತಪಾಸಣೆ, ಲಿಖಿತ ಪರೀಕ್ಷೆಗಳ ಜೊತೆಗೆ ಹಲವರು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಮೆಟ್ಟಿಲಿದೆ. ಅದೇ ಆರ್‌ಟಿಆರ್ ಎಂಬ ರೇಡಿಯೋ ಪರೀಕ್ಷೆ.

ಅಮೆರಿಕದಲ್ಲಿ ಪೈಲಟ್‌ಗೆ ಬೇಕಾದ ರೇಡಿಯೋ ಅನುಮತಿ ಪತ್ರ ಅರ್ಜಿ ಮತ್ತು ಶುಲ್ಕ ಸಲ್ಲಿಸಿದರೆ ಸಿಗುತ್ತದೆ, ಅದಕ್ಕೆ ಪರೀಕ್ಷೆಯಿಲ್ಲ. ದೇಶದೊಳಗಿನ ಹಾರಾಟಕ್ಕೆ ಅದೂ ಬೇಡ. ಭಾರತದಲ್ಲಿ ಹಾಗಲ್ಲ. ಪರೀಕ್ಷಕರ ಮುಂದೆ ಕುಳಿತು, ಅವರನ್ನೇ ನಿಯಂತ್ರಣ ಕೊಠಡಿ ಎಂದು ಭಾವಿಸಿ, ಹಾರಾಟದ ಸಂಭಾಷಣೆಯನ್ನು ನಿಯಮಬದ್ಧವಾಗಿ ನಡೆಸಿ ತೋರಿಸಬೇಕು. ಅಲ್ಲಿ ನೂರಾರು ಗಂಟೆ ಹಾರಿಸಿದವರೂ ಇಲ್ಲಿ ಮತ್ತೆ ವಿದ್ಯಾರ್ಥಿಗಳೇ.

ಇದು ಅನಗತ್ಯ ಕಿರುಕುಳವೇ? ಹಾಗೆನ್ನುವ ಮೊದಲು 1996ರ ನವೆಂಬರ್ 12ನ್ನು ನೆನೆಯೋಣ. ಅಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಮಡಿದರು. ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿರಲು ಸೂಚನೆಯಿತ್ತು; ಅದು ಕೆಳಗಿಳಿದಿತ್ತು. ಆ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆಯೂ ತನಿಖೆಯಲ್ಲಿ ಚರ್ಚೆಗೆ ಬಂತು. ಬಾಬೆಲ್ ಗೋಪುರದ ಬಳಿ ಭಾಷೆ ಕಲಸಿದಾಗ ಕೆಲಸ ನಿಂತಿತು. ಆಕಾಶದಲ್ಲಿ ಕಲಸಿದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದ ಪರೀಕ್ಷೆ ಬೇಕು.

ಪ್ರಶ್ನೆ ಇರುವುದು ಪರೀಕ್ಷೆಯ ವ್ಯವಸ್ಥೆಯ ಬಗ್ಗೆ. ದೀರ್ಘಕಾಲ ಪೈಲಟ್ ಪರವಾನಗಿ ಒಂದು ಸಚಿವಾಲಯದ ಕೈಯಲ್ಲಿ, ರೇಡಿಯೋ ಪರೀಕ್ಷೆ ದೂರಸಂಪರ್ಕ ಇಲಾಖೆಯ ಕೈಯಲ್ಲಿ ಇತ್ತು. ಎರಡು ಬಾಗಿಲು ತಟ್ಟುವ ಕಷ್ಟ ಅಭ್ಯರ್ಥಿಯ ಪಾಲಿಗೆ. 1934ರ ಕಾಯ್ದೆಯ ಬದಲಿಗೆ 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ರೇಡಿಯೋ ಪ್ರಮಾಣಪತ್ರದ ಹೊಣೆಯನ್ನೂ ವಿಮಾನಯಾನ ಕ್ಷೇತ್ರಕ್ಕೇ ವಹಿಸಿದೆ. ಇದು ಸ್ವಾಗತಾರ್ಹ. ಆದರೆ ಬಾಗಿಲು ಒಂದಾದರೆ ಸಾಲದು, ಅದು ಸಕಾಲಕ್ಕೆ ತೆರೆಯಬೇಕು. ವರ್ಷದ ಪರೀಕ್ಷಾ ದಿನಗಳು ಮೊದಲೇ ಪ್ರಕಟವಾಗಲಿ. ಅನುತ್ತೀರ್ಣರಾದವರಿಗೆ ಎಲ್ಲಿ ತಪ್ಪಿತೆಂಬುದು ತಿಳಿಯಲಿ. ಅಭ್ಯರ್ಥಿ ಕಾಯಬಹುದು, ಸಾಲದ ಬಡ್ಡಿ ಕಾಯುವುದಿಲ್ಲ!

ಹೆತ್ತವರಿಗೂ ಒಂದು ಮಾತು. ಮಕ್ಕಳನ್ನು ವಿದೇಶಕ್ಕೆ ಕಳುಹಿಸುವಾಗ ತರಬೇತಿ ಶುಲ್ಕವನ್ನಷ್ಟೇ ಲೆಕ್ಕ ಹಾಕಬೇಡಿ. ಮರಳಿದ ಮೇಲಿನ ಪರೀಕ್ಷೆಗಳ ಖರ್ಚನ್ನೂ ಸಮಯವನ್ನೂ ಸೇರಿಸಿ. ಸಾಧ್ಯವಾದರೆ ಹೊರಡುವ ಮೊದಲೇ ಭಾರತದ ಪರೀಕ್ಷೆಗಳ ಸಿದ್ಧತೆ ಆರಂಭವಾಗಲಿ. ನಮ್ಮ ಧರ್ಮಕೇಂದ್ರಗಳ ಯುವ ಸಂಘಟನೆಗಳು ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ಈ ವಿಷಯವನ್ನೂ ತಿಳಿಸಿದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು.