ಕೂಲಿ ಏರಿದರೆ ಕಿರಾಣಿ ತುಟ್ಟಿಯಾಗುತ್ತದೆಯೇ?

ನವಲಗುಂದ ತಾಲ್ಲೂಕಿನ ಯಮನೂರು ಎರೆಭೂಮಿಯ ಊರು. ಹೆಸರು, ಕಡಲೆ, ಉಳ್ಳಾಗಡ್ಡಿ ಬೆಳೆಯುವವರೂ ಈ ಸೀಮೆಯವರೇ, ದಿನಗೂಲಿ ಎಣಿಸಿ ಅವನ್ನೇ ಕೊಂಡು ತಿನ್ನುವವರೂ ಇಲ್ಲಿಯವರೇ.

ಪರ: ಏರುತ್ತದೆ, ಏರಲೇಬೇಕು

ಹೆಸರು ಬುಡ್ಡಿ ಒಣಗುವುದು ಎಲ್ಲರ ಹೊಲದಲ್ಲೂ ಹೆಚ್ಚುಕಡಿಮೆ ಒಂದೇ ವಾರ. ಶ್ರಾವಣದ ಮೋಡ ಮೇಲೆ ನಿಂತಿರುತ್ತದೆ. ಜಿಟಿಜಿಟಿ ಮಳೆ ಹಿಡಿದರೆ ಬುಡ್ಡಿಯೊಳಗೇ ಕಾಳು ಮೊಳಕೆಯೊಡೆಯುತ್ತದೆ. ಆಗ ಬಿಡಿಸಲು ಬರುವ ಆಳುಗಳು ಕೇಳಿದಷ್ಟು ಪಗಾರ ಕೊಡದೆ ವಿಧಿಯಿಲ್ಲ. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ 2023-24ರಲ್ಲಿ 316 ರೂಪಾಯಿ ಇತ್ತು, 2025-26ಕ್ಕೆ 370 ಆಯಿತು. ಸರ್ಕಾರಿ ದರ ಏರಿತೆಂದರೆ ಹೊಲದ ಪಗಾರದ ಚೌಕಾಸಿಯೂ ಅಲ್ಲಿಂದಲೇ ಶುರು.

ಮಾಲು ಹೊಲ ಬಿಟ್ಟ ಮೇಲೂ ಕೂಲಿ ಬಿಡುವುದಿಲ್ಲ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು, ದಾಲ್‌ಮಿಲ್ಲಿನ ಕೆಲಸಗಾರರು, ಕಿರಾಣಿ ಅಂಗಡಿಯ ಹುಡುಗರು, ಎಲ್ಲರೂ ನ್ಯಾಯವಾದ ಸಂಬಳ ಕೇಳುವವರೇ. ಬೆಂಬಲ ಬೆಲೆ ಲೆಕ್ಕ ಹಾಕುವಾಗ ಸರ್ಕಾರವೇ ಆಳಿನ ಖರ್ಚು ಸೇರಿಸುತ್ತದೆ. 2025-26ಕ್ಕೆ ಹೆಸರಿಗೆ ಕ್ವಿಂಟಲ್‌ಗೆ 8,768 ರೂಪಾಯಿ ನಿಗದಿಯಾಗಿದೆ. ಕೂಲಿ ಏರಬೇಕು, ಬೇಳೆ ಮಾತ್ರ ಅಗ್ಗವಾಗಿಯೇ ಇರಬೇಕು ಎನ್ನುವವರು ನಡುವಿನ ಹಣ ಯಾರ ಜೇಬಿನಿಂದ ಬರಬೇಕೆಂದು ಹೇಳಲಿ. ಈಗಂತೂ ಅದು ನಾಲ್ಕೆಕರೆ ರೈತನ ಜೇಬಿನಿಂದ ಹೋಗುತ್ತಿದೆ.

ವಿರೋಧ: ತುಟ್ಟಿ ಮೊದಲು, ಕೂಲಿ ಆಮೇಲೆ

ರೈತನ ಸಂಕಟ ನಿಜ, ಅದನ್ನು ಒಪ್ಪುತ್ತೇನೆ. ಆದರೆ ಅದೇ ಸಂಕಟ ಈ ವಾದವನ್ನು ಮುರಿಯುತ್ತದೆ. ಎಪಿಎಂಸಿಯ ಸವಾಲಿನಲ್ಲಿ ನಿಂತು "ಈ ಸಲ ಪಗಾರ ಭಾಳ ಆಗೇತ್ರಿ" ಎಂದರೆ ಯಾವ ಖರೀದಿದಾರ ಒಂದು ರೂಪಾಯಿ ಹೆಚ್ಚು ಕೂಗುತ್ತಾನೆ? ಅವನು ಕಾಳನ್ನು ಅಂಗೈಗೆ ಹಾಕಿಕೊಂಡು ಹಸಿ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಆವಕ ನೋಡುತ್ತಾನೆ. ಪಗಾರ ರೈತನಿಂದ ಮುಂದಕ್ಕೆ ದಾಟುವುದೇ ಕಷ್ಟ.

ಉಳ್ಳಾಗಡ್ಡಿಯನ್ನೇ ನೋಡಿ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಉಕ್ಕಿ ಹೊಲ ಮುಳುಗಿಸಿತು. ಡಿಸೆಂಬರ್‌ಗೆ ಕಿಲೋ ನೂರು ರೂಪಾಯಿ ದಾಟಿತು. ಆ ವರ್ಷ ರಾಜ್ಯದ ಖಾತರಿ ಕೂಲಿ 249 ರೂಪಾಯಿ, ಹಿಂದಿನ ವರ್ಷಕ್ಕಿಂತ ಒಂದು ಪೈಸೆ ಹೆಚ್ಚಿರಲಿಲ್ಲ. 2023ರ ಡಿಸೆಂಬರ್ 8ರಂದು ಕೇಂದ್ರ ರಫ್ತು ನಿಷೇಧಿಸಿದಾಗ ಮಾರುಕಟ್ಟೆ ಕುಸಿಯಿತು. ಆಗಲೂ ಯಾರ ಕೂಲಿಯೂ ಇಳಿದಿರಲಿಲ್ಲ.

ಲೆಕ್ಕ ಹಾಕೋಣ. ಒಂದು ಎಕರೆ ಉಳ್ಳಾಗಡ್ಡಿ ಕಿತ್ತು, ತಪ್ಪಲು ಕೊಯ್ದು, ಚೀಲ ತುಂಬಲು ಇಪ್ಪತ್ತು ಆಳು ಎಂದಿಟ್ಟುಕೊಳ್ಳಿ. ತಲಾ 21 ರೂಪಾಯಿ ಏರಿದರೆ 420. ಬೆಳೆ 40 ಕ್ವಿಂಟಲ್ ಬಂದರೆ ಕಿಲೋಗೆ ಬೀಳುವುದು ಸುಮಾರು ಹತ್ತು ಪೈಸೆ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳ ಬಿಲ್ಲಿಂಗ್ ಅಂಕಿಅಂಶ ಹಿಡಿದು ಟೋಬಿಯಾಸ್ ರೆಂಕಿನ್ ಮತ್ತಿತರ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲೂ ಕನಿಷ್ಠ ಕೂಲಿ ಶೇ 10 ಏರಿದರೆ ದಿನಸಿ ಬೆಲೆ ಏರಿದ್ದು ಶೇ 0.36 ಮಾತ್ರ.

ನಮ್ಮಲ್ಲಿ ಕ್ರಮವೇ ತಿರುಗುಮುರುಗು. ಬೆಲೆ ಸೂಚ್ಯಂಕ ಏರಿದ ಮೇಲಷ್ಟೇ ಏಪ್ರಿಲ್ 1ಕ್ಕೆ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. 1986-87ನ್ನು ಆಧಾರ ವರ್ಷ ಮಾಡಿದ್ದ ಕೃಷಿ ಕಾರ್ಮಿಕರ ಸೂಚ್ಯಂಕದಲ್ಲಿ ಆಹಾರದ ಪಾಲೇ ಶೇ 69ರಷ್ಟಿತ್ತು. ಅಂದರೆ ಬೇಳೆ, ಎಣ್ಣೆ, ಜೋಳ ತುಟ್ಟಿಯಾದಾಗ ಮೊದಲು ಬಡವಾಗುವುದು ಹೆಸರು ಬಿಡಿಸುವ ಹೆಂಗಸಿನ ಮನೆ. ಪರಿಷ್ಕೃತ ಕೂಲಿ ಬರುವವರೆಗೆ ಕಿರಾಣಿ ಅಂಗಡಿಯ ಉದ್ರಿಯೇ ಅವಳಿಗೆ ಗತಿ.

ರೈತನ ಮೇಲಿನ ಭಾರ ಇಳಿಸಲು ಅವಳ ಪಗಾರ ಕಡಿಯಬೇಕಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರಗಳನ್ನು ಹೆಸರಿನ ಒಕ್ಕಣೆ ಆಗುವ ವಾರವೇ ತೆರೆಯಲಿ. ರೈತ ಬಂದ ಬೆಲೆಗೆ ಮಾರಿ ಮನೆಗೆ ಹೋದ ಮೇಲೆ ತೆರೆದ ಕೇಂದ್ರದಿಂದ ಅವನಿಗೂ ಲಾಭವಿಲ್ಲ, ಆಳಿಗೂ ಇಲ್ಲ.