ಪುರುಸೊತ್ತು ಇಲ್ಲದ್ದು ಯಾರಿಗೆ?

ನವೆಂಬರ್ ಒಂದು ಬಂತೆಂದರೆ ನಮ್ಮ ಕಾಸರಗೋಡಿನ ವೇದಿಕೆಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: ‘ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕನ್ನಡವನ್ನು ತಾಯಂದಿರು ಮನೆಯಲ್ಲೇ ಕಲಿಸಬೇಕು.’ ಚಪ್ಪಾಳೆ ಬೀಳುತ್ತದೆ. ಭಾಷಣ ಮಾಡಿದವರು ಚಾ ಕುಡಿದು ಹೋಗುತ್ತಾರೆ. ಯಾವ ತಾಯಿ, ಎಷ್ಟು ಗಂಟೆಗೆ, ಯಾವ ಕೆಲಸ ಬಿಟ್ಟು ಕಲಿಸಬೇಕು ಅಂತ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಒಂದು ದಿನದ ಲೆಕ್ಕ ಹಾಕೋಣ. ಬೆಳಿಗ್ಗೆ ಐದಕ್ಕೆ ಎದ್ದರೆ ಹಟ್ಟಿ ಕೆಲಸ, ಹಾಲು ಸೊಸೈಟಿಗೆ, ಮಕ್ಕಳ ಬುತ್ತಿ, ಎಂಟಕ್ಕೆ ಶಾಲೆಯ ವ್ಯಾನು. ಆಮೇಲೆ ತೋಟ, ಇಲ್ಲದಿದ್ದರೆ ಉದ್ಯೋಗ ಖಾತರಿ ಕೆಲಸ, ಅದೂ ಇಲ್ಲದಿದ್ದರೆ ಬೀಡಿ ಕಟ್ಟುವುದು. ಸಂಜೆ ವ್ಯಾನು ಬರುವಾಗ ಐದು. ಮಗು ಚಾ ಕುಡಿದು ಟ್ಯೂಷನ್ನಿಗೆ ಓಡುತ್ತದೆ. ಏಳಕ್ಕೆ ಬಂದು ಹೋಂವರ್ಕ್. ಅದು ಮುಗಿಯುವಾಗ ಮಗುವಿಗೆ ನಿದ್ದೆ, ಅಮ್ಮನಿಗೆ ಇನ್ನೂ ಪಾತ್ರೆ ತೊಳೆಯಲಿಕ್ಕೆ ಉಂಟು. ಇದರೊಳಗೆ ಕನ್ನಡ ಎಲ್ಲಿ ತೂರಿಸುವುದು ಮಾರಾಯ್ರೆ?

ದೊಡ್ಡ ಪೇಟೆಗಳಲ್ಲಿ ಮಕ್ಕಳನ್ನು ಶಾಲೆಗೇ ಕಳಿಸದೆ ಮನೆಯಲ್ಲಿ ಓದಿಸುವ ಹೆತ್ತವರು ಇದ್ದಾರೆ. ಅವರ ಕೈಯಲ್ಲಿ ಮಗುವಿನ ಇಡೀ ದಿನ ಇದೆ. ನಮಗೆ ಸಿಗುವುದು ಶಾಲೆ, ವ್ಯಾನು, ಟ್ಯೂಷನ್ನು ಎಲ್ಲ ತಿಂದು ಬಿಟ್ಟ ಚೂರು.

ಇನ್ನೊಂದು ವಿಷಯ. ‘ಮನೆಯ ಭಾಷೆ ತಾನೇ, ತನ್ನಷ್ಟಕ್ಕೆ ಬರ್ತದೆ’ ಅನ್ನುವವರಿಗೆ ನಮ್ಮ ಊರು ಗೊತ್ತಿಲ್ಲ. ಇಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ್ದರಲ್ಲಿ ಹವ್ಯಕ, ಆಚೆ ಕೊಂಕಣಿ, ಈಚೆ ಮಲಯಾಳ. ಇವರನ್ನೆಲ್ಲ ಕನ್ನಡಿಗರನ್ನಾಗಿ ಮಾಡಿದ್ದು ಶಾಲೆ. ಹಲಗೆಯ ಮೇಲೆ ಅ ಆ ಬರೆಯುವವರೆಗೆ ನಮ್ಮಲ್ಲಿ ಎಷ್ಟೋ ಜನರಿಗೆ ಪುಸ್ತಕದ ಕನ್ನಡ ಅಂದರೆ ಎಂತ ಅಂತಲೇ ಗೊತ್ತಿರಲಿಲ್ಲ. ಆ ಶಾಲೆಯನ್ನು ಬಿಟ್ಟ ಮೇಲೆ ಅದರ ಕೆಲಸವನ್ನು ಅಡುಗೆಮನೆಯ ತಲೆಗೆ ಕಟ್ಟಿದರೆ ಆಗ್ತದಾ? ಇಂಗ್ಲಿಷ್ ಮೀಡಿಯಂ ಮಗು ಶಾಲೆಯಲ್ಲಿ ಇಂಗ್ಲಿಷ್, ಮಲಯಾಳ, ಹಿಂದಿ ಎಂದು ಮೂರು ಲಿಪಿ ಬರೆಯುತ್ತದೆ. ಕನ್ನಡದ್ದು ನಾಲ್ಕನೆಯದು. ನಲವತ್ತೊಂಬತ್ತು ಅಕ್ಷರ, ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ.

ಕಾನೂನು ಏನು ಹೇಳುತ್ತದೆ ಅಂತ ಮಾಸ್ಟ್ರುಗಳಿಗೆ ಗೊತ್ತುಂಟು. ನಾವು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಇರಬೇಕು. 2014ರಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕದ ಮೊಕದ್ದಮೆಯಲ್ಲಿ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಹೆತ್ತವರಿಗೆ ಬಿಟ್ಟದ್ದು ಎಂದಿತು. ಸರಿ, ಹೆತ್ತವರು ಅಂದರೆ ಇಬ್ಬರು. ಇಂಗ್ಲಿಷ್ ಶಾಲೆ ಆರಿಸುವಾಗ ಗಂಡಸರ ಮಾತು ನಡೆಯುತ್ತದೆ, ಆರಿಸಿದ್ದರಿಂದ ಬಂದ ಕೆಲಸ ಹೆಂಗಸರಿಗೆ. ಕನ್ನಡ ಶಾಲೆಯ ಸಂಬಳದಲ್ಲಿ ತಮ್ಮ ಮಕ್ಕಳಿಗೆ ಇಂಗ್ಲಿಷ್ ಶಾಲೆಯ ಫೀಸು ಕಟ್ಟುವ ಮಾಸ್ಟ್ರುಗಳೂ ಟೀಚರುಗಳೂ ಇದ್ದಾರೆ. ಅವರು ಈ ಪುಟ ಓದುವಾಗ ಕೆಮ್ಮಬಹುದು, ಕೆಮ್ಮಲಿ.

ಹಾಗಾದರೆ ಬಿಟ್ಟುಬಿಡುವುದಾ? ಬಿಡಲಿಕ್ಕೆ ಆಗುವುದಿಲ್ಲ. ಅಜ್ಜನ ಕಾಲದ ಜಾಗದ ದಸ್ತಾವೇಜು ಕನ್ನಡದಲ್ಲಿ ಉಂಟು. ಯಕ್ಷಗಾನ ಕಲಿಯುವ ಮಕ್ಕಳು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದನ್ನು ನೋಡಿದ್ದೇನೆ. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ! ವೇಷ ಚೆಂದ ಆಗುತ್ತದೆ, ಆದರೆ ಪ್ರಸಂಗದ ಪುಸ್ತಕ ಕೈಗೆ ಕೊಟ್ಟರೆ ಮಗು ಚಿತ್ರ ಮಾತ್ರ ನೋಡುತ್ತದೆ. ಹತ್ತು ವರ್ಷ ಹೀಗೆ ಹೋದರೆ ಅರ್ಥ ಹೇಳುವವರನ್ನು ಎಲ್ಲಿಂದ ತರುವುದು?

ಪುರುಸೊತ್ತು ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ನಾವು ಅದನ್ನು ಬೇರೆಯವರಿಗೆ ಕೊಟ್ಟಿದ್ದೇವೆ. ಒಂದನೇ ಕ್ಲಾಸಿನ ಮಗುವಿಗೆ ಟ್ಯೂಷನ್ ಎಂತಕ್ಕೆ? ಶಾಲೆಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಬರೆಸಲಿಕ್ಕೆ ದಿನಕ್ಕೆ ಒಂದು ಗಂಟೆ. ವಾರದಲ್ಲಿ ಎರಡು ದಿನ ಅದನ್ನು ಬಿಡಿಸಿ ನೋಡಿ. ಮಗು ಫೇಲಾಗುವುದಿಲ್ಲ.

ಮನೆಯನ್ನು ಶಾಲೆ ಮಾಡಲಿಕ್ಕೆ ಹೋಗಬೇಡಿ. ಗೋಡೆಗೆ ಟೈಂಟೇಬಲ್ ಅಂಟಿಸಿ, ಬೆತ್ತ ಹಿಡಿದು, ಏಳರಿಂದ ಎಂಟು ಕನ್ನಡ ಅಂತ ಶುರು ಮಾಡಿದವರದ್ದು ಹೆಚ್ಚು ದಿನ ನಡೆಯುವುದಿಲ್ಲ. ನೆಂಟರು ಬಂದ ದಿನ ತಪ್ಪುತ್ತದೆ, ಜ್ವರ ಬಂದ ದಿನ ತಪ್ಪುತ್ತದೆ, ಆಮೇಲೆ ಟೈಂಟೇಬಲ್ ಗೋಡೆಯಲ್ಲೇ ಹಳದಿ ಆಗುತ್ತದೆ. ಅಕ್ಷರ, ಕಾಗುಣಿತಗಳನ್ನು ಏಪ್ರಿಲ್-ಮೇ ರಜೆಯಲ್ಲಿ ಮುಗಿಸಿಬಿಡಿ, ಆಗ ಹೋಂವರ್ಕ್ ಇಲ್ಲ. ಶಾಲೆ ಶುರುವಾದ ಮೇಲೆ ಓದುವುದು ಮಾತ್ರ, ಅದೂ ಮಗು ಓದಲಿ, ಅಮ್ಮ ಕೇಳಲಿ. ಅಡಿಕೆ ಸುಲಿಯುವಾಗ, ಬೀಡಿ ಕಟ್ಟುವಾಗ ಕೈಗೆ ಕೆಲಸ, ಕಿವಿ ಖಾಲಿ. ಪೇಪರಿನ ಒಂದು ಸುದ್ದಿ ಸಾಕು. ಒತ್ತಕ್ಷರದಲ್ಲಿ ಸಿಕ್ಕಿಹಾಕಿಕೊಂಡರೆ ಎದ್ದು ಹೋಗಿ ನೋಡಬೇಕಾಗಿಲ್ಲ, ಅಕ್ಷರ ಬಿಡಿಸಿ ಹೇಳು ಅಂದರೆ ಆಯಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ಹೀಗೆ ನಡೆದರೆ ನಲವತ್ತು ವಾರಕ್ಕೆ ನೂರು ಗಂಟೆ.

ಇನ್ನು ಅಪ್ಪಂದಿರು. ಸಂಜೆ ಆರರಿಂದ ಏಳೂವರೆಯವರೆಗೆ ಅವರು ಎಲ್ಲಿರುತ್ತಾರೆ ಅಂತ ಹುಡುಕಬೇಕಾಗಿಲ್ಲ. ಈ ಪುಸ್ತಕ ಅಚ್ಚು ಹಾಕಿಸಿದ ವಾಚನಾಲಯದ ಬೆಂಚನ್ನೇ ನೋಡಿ. ಒಂದು ಪೇಪರು, ಅದರ ಸುತ್ತ ಆರು ಜನ, ಕರ್ನಾಟಕದ ರಾಜಕೀಯ. ಮನೆಯಲ್ಲಿ ಹೆಂಡತಿ ಒಲೆ ಹತ್ತಿರ, ಮಗು ಮೊಬೈಲ್ ಹತ್ತಿರ. ಕನ್ನಡ ಅಳಿಯುತ್ತದೆ ಅಂತ ಅತಿ ಹೆಚ್ಚು ಬೇಸರ ಮಾಡಿಕೊಳ್ಳುವುದೂ ಈ ಬೆಂಚೇ. ಪುರುಸೊತ್ತು ಉಂಟಲ್ಲ ಸ್ವಾಮಿ, ಕಣ್ಣೆದುರೇ ಉಂಟು. ವಾರಕ್ಕೆ ಎರಡು ಸಂಜೆ ಮಗುವನ್ನು ಕರೆದುಕೊಂಡೇ ಬನ್ನಿ. ಪೇಪರನ್ನು ನೀವು ಓದಬೇಡಿ, ಅದರ ಕೈಗೆ ಕೊಡಿ.

ವಾಚನಾಲಯದ ಮುಂದಿನ ಮಹಾಸಭೆಯಲ್ಲಿ ನಾನು ಇದನ್ನು ಕೇಳುವವಳಿದ್ದೇನೆ: ಮಂಗಳವಾರ, ಗುರುವಾರ ಸಂಜೆ ಒಂದೊಂದು ಗಂಟೆ ಬೆಂಚು ಮಕ್ಕಳಿಗೆ. ಹತ್ತಿರ ಕೂತು ಓದಿಸಲಿಕ್ಕೆ ದಿನಕ್ಕೊಬ್ಬ ಅಪ್ಪ ಬೇಕು. ಹೆಸರು ಕೊಡುವವರು ಸಭೆಗೆ ಮೊದಲೇ ಕೊಡಬಹುದು.