ವೇಲೆನ್ಸಿಯಾದಲ್ಲಿ ಬಾಡಿಗೆ ಸೈಕಲ್ ಹತ್ತಿದರೆ ನೀರಿನ ದಾರಿ ಹಿಡಿಯಿರಿ

ಸ್ಪೇನ್ ದೇಶದ ಪೂರ್ವಕ್ಕೆ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ವೇಲೆನ್ಸಿಯಾ ಸಪಾಟಾದ ಊರು. ಏರು ತುಳಿದು ಏದುಸಿರು ಬಿಡುವ ಕಷ್ಟವಿಲ್ಲ. ಆದರೆ ಅಲ್ಲಿಗೆ ಹೋದವರು ಹಾಕುವ ವಿಡಿಯೊಗಳಲ್ಲಿ ಕಾಣುವುದು ಬಿಳಿ ಬಿಳಿ ಹೊಸ ಕಟ್ಟಡ, ಮರಳ ದಂಡೆ, ಒಂದು ಬಾಣಲೆ ಪಾಯೆಯಾ ಅನ್ನ, ಅಷ್ಟೇ. ನನ್ನ ಪ್ರಕಾರ ಆ ಊರನ್ನು ಅದರ ನೀರಿನ ಜಾಡು ಹಿಡಿದು ನೋಡಬೇಕು. ಅದಕ್ಕೆ ಸೈಕಲ್ಲೇ ಸರಿ.

ಮೊದಲು ಬಾಡಿಗೆ ವಿಚಾರ. ಅಲ್ಲಿ 2010ರಿಂದ ವಾಲೆನ್‌ಬಿಸಿ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಇದೆ. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಮೈಸೂರಿನ ಟ್ರಿಣ್ ಟ್ರಿಣ್ ನೋಡಿದವರಿಗೆ ಇದು ಹೊಸದಲ್ಲ. ಆದರೆ ಅದು ಅರ್ಧ ಗಂಟೆಯ ಚಿಕ್ಕ ಓಡಾಟಕ್ಕೆಂದು ಮಾಡಿದ್ದು, ಹೆಚ್ಚು ಹೊತ್ತು ಇಟ್ಟುಕೊಂಡರೆ ಹೆಚ್ಚು ದುಡ್ಡು. ಊರಾಚೆ ಹೋಗುವವರು ಅಂಗಡಿಯಲ್ಲಿ ದಿನದ ಲೆಕ್ಕಕ್ಕೆ ಸೈಕಲ್ ಪಡೆಯುವುದೇ ಮೇಲು.

ಸವಾರಿ ತುರಿಯಾ ನದಿಯ ಪಾತ್ರದಿಂದ ಶುರುವಾಗಲಿ. ಅಲ್ಲೀಗ ನದಿಯಿಲ್ಲ, ಉದ್ಯಾನವಿದೆ. 1957ರ ಅಕ್ಟೋಬರ್ 14ರಂದು ತುರಿಯಾ ಉಕ್ಕಿ 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ನಗರದ ದಕ್ಷಿಣಕ್ಕೆ ದೊಡ್ಡ ಕಾಲುವೆ ತೋಡಿ ನದಿಯನ್ನೇ ಅತ್ತ ತಿರುಗಿಸಿತು. ಬರಿದಾದ ಹಳೇ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆಯಿತ್ತು. ಜನ ಒಪ್ಪಲಿಲ್ಲ, ಜಾಗ ನಮ್ಮದು, ಹಸಿರೇ ಬೇಕು ಎಂದು ಹೋರಾಡಿದರು. ಇವತ್ತು ಸುಮಾರು 9 ಕಿಲೋಮೀಟರ್ ಉದ್ದಕ್ಕೆ ಮರಗಳ ನಡುವೆ, ಹಳೇ ಸೇತುವೆಗಳ ಕೆಳಗೆ ಸೈಕಲ್ ಓಡುತ್ತದೆ.

ಗುರುವಾರವಾದರೆ ಮಧ್ಯಾಹ್ನ 12ಕ್ಕೆ ದೊಡ್ಡ ಚರ್ಚಿನ ಬಾಗಿಲ ಬಳಿ ಸೈಕಲ್ ನಿಲ್ಲಿಸಿ. ಅಲ್ಲಿ ಶತಮಾನಗಳಿಂದ ನೀರಿನ ನ್ಯಾಯ ಪಂಚಾಯಿತಿ ಕೂಡುತ್ತದೆ. ತುರಿಯಾದಿಂದ ಹೊರಡುವ ಕಾಲುವೆಗಳ ರೈತರು ಆರಿಸಿದ ರೈತರೇ ನ್ಯಾಯಾಧೀಶರು. ಕರೀ ನಿಲುವಂಗಿ ತೊಟ್ಟು ವೃತ್ತಾಕಾರದಲ್ಲಿ ಕೂರುತ್ತಾರೆ. ವಕೀಲರಿಲ್ಲ, ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ. ತಕರಾರು ಬಂದ ಕಾಲುವೆಯ ಪ್ರತಿನಿಧಿ ಆ ತೀರ್ಪಿನಲ್ಲಿ ಸೇರುವಂತಿಲ್ಲ. ಯುನೆಸ್ಕೊ 2009ರಲ್ಲಿ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನೀರುಗಂಟಿಯನ್ನು ಕಂಡ, ಕಾಲುವೆಯ ಕೊನೆಗೆ ಹೊಲ ಇಟ್ಟುಕೊಂಡ ನಮ್ಮವರಿಗೆ ಇದರ ಬೆಲೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಉತ್ತರಕ್ಕೆ ಹೋದರೆ ಆಲ್ಬೊರಾಯಾದ ಹೊಲಗಳು. ಅಲ್ಲಿ ಚೂಫಾ ಬೆಳೆಯುತ್ತಾರೆ. ನಾವು ಕಳೆ ಎಂದು ಕಿತ್ತೆಸೆಯುವ ಕೊನ್ನಾರಿ ಗೆಡ್ಡೆಯ ದಾಯಾದಿ ಅದು. ಅದನ್ನು ನೆನೆಸಿ, ಅರೆದು, ಹಾಲು ತೆಗೆದು ಸಕ್ಕರೆ ಹಾಕಿ ತಣ್ಣಗೆ ಕುಡಿಯುತ್ತಾರೆ. ಹೆಸರು ಓರ್ಚಾಟಾ. ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ತುಳಿದರೆ ಆಲ್ಬುಫೆರಾ ಸರೋವರ, ಸುತ್ತ ಭತ್ತದ ಗದ್ದೆ. ಮೇ ತಿಂಗಳಲ್ಲಿ ಬಿತ್ತನೆ, ಸೆಪ್ಟೆಂಬರಿನಲ್ಲಿ ಕೊಯ್ಲು. ಹೋಟೆಲಿನ ಪಾಯೆಯಾ ಹುಟ್ಟಿದ್ದು ಈ ಭಾಗದ ರೈತರ ಒಲೆಯಲ್ಲಿ.

ಬಹಳ ಜನ ಇಲ್ಲಿಗೇ ಮುಗಿಸಿ ವಾಪಸಾಗುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. 2024ರ ಅಕ್ಟೋಬರ್ 29ರಂದು ಇದೇ ಪ್ರಾಂತ್ಯದಲ್ಲಿ ಪ್ರವಾಹಕ್ಕೆ 220ಕ್ಕೂ ಹೆಚ್ಚು ಜನ ಬಲಿಯಾದರು. ಹೊಸ ಕಾಲುವೆ ನಗರದ ಬಹುಭಾಗವನ್ನು ಕಾಪಾಡಿತು. ಆದರೆ ಕಾಲುವೆಯಾಚೆಯ ಪಾಯ್‌ಪೋರ್ತಾ, ಕತರೋಚಾದಂಥ ಊರುಗಳಿಗೆ ಪೋಯೊ ಎಂಬ ಹಳ್ಳ ನುಗ್ಗಿತು. ವರ್ಷದ ಬಹುಕಾಲ ಒಣಗಿಯೇ ಇರುವ ಹಳ್ಳ ಅದು. ಫೋನುಗಳಿಗೆ ಎಚ್ಚರಿಕೆ ಬಂದಾಗ ರಾತ್ರಿ 8 ಗಂಟೆ ದಾಟಿತ್ತು, ಅಷ್ಟರಲ್ಲಿ ಅನೇಕ ಬೀದಿಗಳಲ್ಲಿ ನೀರು ತುಂಬಿಯಾಗಿತ್ತು. ನಂತರದ ದಿನಗಳಲ್ಲಿ ನಗರದ ಸಾವಿರಾರು ಜನ ಪೊರಕೆ, ಸಲಿಕೆ ಹಿಡಿದು ಕಾಲುವೆಯ ಮೇಲಿನ ಕಾಲುಸೇತುವೆ ದಾಟಿ ಕೆಸರು ಬಳಿಯಲು ನಡೆದರು. ಆ ಸೇತುವೆಯನ್ನು ಈಗ ಒಗ್ಗಟ್ಟಿನ ಸೇತುವೆ ಎಂದು ಕರೆಯುತ್ತಾರೆ.

ಹಳೇ ಪಾತ್ರದ ಉದ್ಯಾನ ನೋಡಿದವರು ಈ ಸೇತುವೆಯನ್ನೂ ದಾಟಬೇಕು. ಇನ್ನೊಬ್ಬರ ದುಃಖ ನೋಡಲು ಪ್ರವಾಸವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮೊಬೈಲ್ ಎತ್ತಿ ಸೆಲ್ಫಿ ತೆಗೆಯಲು ಹೋಗುವುದಾದರೆ ಹೋಗಲೇಬಾರದು. ಆದರೆ ಅಲ್ಲಿನ ಚಿಕ್ಕ ಅಂಗಡಿಯಲ್ಲಿ ಕೂತು ಕಾಫಿ ಕುಡಿದರೆ, ಊಟ ಮಾಡಿದರೆ, ಆ ದುಡ್ಡು ಮತ್ತೆ ಬಾಗಿಲು ತೆರೆದವರ ಕೈಗೆ ಹೋಗುತ್ತದೆ. ಕಾರಿನಲ್ಲಿ ಹೋದವರಿಗೆ ಇದು ಹೆದ್ದಾರಿಯ ಕೆಳಗೆ ಹಾದುಹೋಗುವ ಊರು. ಸೈಕಲ್ಲಿನವರಿಗೆ ಮನೆಗಳ ಬಾಗಿಲೇ ಎದುರಾಗುತ್ತದೆ.

ನಮ್ಮ ಹಳ್ಳಿಗಳಿಂದ ಓದಲು, ದುಡಿಯಲು ಯುರೋಪಿಗೆ ಹೋಗುವ ಹುಡುಗ ಹುಡುಗಿಯರು ಈಗ ಕಡಿಮೆಯಿಲ್ಲ. ನಿಮ್ಮ ಮನೆಯವರು ಯಾರಾದರೂ ಅತ್ತ ಹೋದರೆ ಇದನ್ನು ಕಳಿಸಿಕೊಡಿ. ನಗರ ಉಳಿಯಲು ನೀರನ್ನು ಎತ್ತ ತಿರುಗಿಸಿದರು, ಕಾಲುವೆಯಾಚೆ ಇದ್ದವರ ಗತಿ ಏನಾಯಿತು ಎಂದು ಅಲ್ಲಿ ಕೇಳುವುದನ್ನು ಕಲಿತವರು ಊರಿಗೆ ಬಂದ ಮೇಲೂ ಅದೇ ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲೂ ರಾಜಕಾಲುವೆಗಳಿವೆ, ಮುಚ್ಚಿಹೋದ ಹಳ್ಳಗಳಿವೆ.